ಗರಿಕೆಯ ಹಾಸು

ಮನೆಯ ಮುಂದಿನ ಹುಲ್ಲುಹಾಸು ಕಣ್ಣಿಗೆ ತಂಪು, ನೆಲಕ್ಕೆ ಕವಚ. ಮಳೆಗೆ ಮಣ್ಣು ಕೊಚ್ಚಿಹೋಗದಂತೆ ಅದು ತಡೆಯುತ್ತದೆ. ಬೇಸಗೆಯಲ್ಲಿ ಧೂಳೇಳದಂತೆ ಕಾಯುತ್ತದೆ. ಆದರೆ ಉತ್ಸಾಹದಿಂದ ಬೆಳೆಸಿದ ಹಾಸು ಎಷ್ಟೋ ಮನೆಗಳಲ್ಲಿ ಕೆಲವೇ ವರ್ಷಗಳಲ್ಲಿ ಹಳದಿಗೆ ತಿರುಗಿ, ಅಲ್ಲಲ್ಲಿ ಬೋಳಾಗುತ್ತದೆ. ಆಗ ಮನೆಯವರು ಇನ್ನಷ್ಟು ನೀರು ಸುರಿಯುತ್ತಾರೆ. ರೋಗವಿರುವುದು ಬಹುಮಟ್ಟಿಗೆ ಮಣ್ಣಿನಲ್ಲಿ; ಔಷಧ ಸಲ್ಲುವುದು ಎಲೆಗೆ!

ಕರ್ನಾಟಕದ ಬಯಲುಸೀಮೆಗೆ ಗರಿಕೆ ಚೆನ್ನಾಗಿ ಒಗ್ಗುವ ಹುಲ್ಲು. ಗಣಪತಿಯ ಪೂಜೆಗೆ ಸಲ್ಲುವ ಈ ಹುಲ್ಲಿನ ಕಾಂಡ ನೆಲದ ಮೇಲೂ ಹಬ್ಬುತ್ತದೆ, ನೆಲದೊಳಗೂ ಹರಿಯುತ್ತದೆ. ಗೆಣ್ಣುಗಳಲ್ಲಿ ಬೇರು ಬಿಡುತ್ತದೆ. ಆದ್ದರಿಂದಲೇ ಬಿಸಿಲಿಗೆ ಎಲೆ ಒಣಗಿದರೂ ಅದು ಸುಲಭವಾಗಿ ಸಾಯುವುದಿಲ್ಲ. ದಟ್ಟವಾದ ನೆರಳಿನಲ್ಲಿ ಮಾತ್ರ ಸೊರಗುತ್ತದೆ.

ಕೆಟ್ಟ ಹಾಸನ್ನು ಸರಿಪಡಿಸಲು ಮುಂಗಾರಿನ ಆರಂಭವೇ ಸಕಾಲ. ಮೊದಲು ಕಳೆ ತೆಗೆಯಬೇಕು. ಕೊನ್ನಾರಿಯ ಎಲೆಯನ್ನಷ್ಟೇ ಕಿತ್ತರೆ ಸಾಲದು. ಒಳಗೆ ಗೆಡ್ಡೆ ಉಳಿದರೆ ಅದು ಮತ್ತೆ ತಲೆಯೆತ್ತುತ್ತದೆ. ಅನಂತರ, ಓಡಾಟದಿಂದ ಗಟ್ಟಿಯಾದ ನೆಲದಲ್ಲಿ ಮೊನಚಾದ ಸಲಾಕೆಯಿಂದ ಸುಮಾರು 10 ಸೆಂಟಿಮೀಟರ್ ಆಳದ ರಂಧ್ರಗಳನ್ನು ಒತ್ತೊತ್ತಾಗಿ ಮಾಡಬೇಕು. ಗಾಳಿಯೂ ನೀರೂ ಬೇರಿಗೆ ಇಳಿಯಲು ಇದರಿಂದ ದಾರಿಯಾಗುತ್ತದೆ. ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ, ಮಣ್ಣು, ಮರಳುಗಳ ಮಿಶ್ರಣವನ್ನು ಮೇಲೆ ತೆಳುವಾಗಿ ಹರಡಬೇಕು. ಬೋಳಾದ ಕಡೆ ಗರಿಕೆಯ ತುಂಡುಗಳನ್ನು ಬೇರುಸಹಿತವಾಗಿ ಅಂಗೈ ಅಗಲದ ಅಂತರದಲ್ಲಿ ನೆಟ್ಟು, ಅವು ಬೇರೂರುವವರೆಗೆ ತೇವ ಆರದಂತೆ ನೋಡಿಕೊಳ್ಳಬೇಕು.

ಚೇತರಿಸಿಕೊಂಡ ಹಾಸಿಗೆ ಎರಡು ನಿಯಮಗಳು ಮುಖ್ಯ. ಮೊದಲನೆಯದು, ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರರಲ್ಲಿ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು. ಎಲೆಯೇ ಹುಲ್ಲಿನ ಅಡಿಗೆಮನೆ. ಅದನ್ನು ಬೋಳಿಸಿದರೆ ಬೇರು ಉಪವಾಸ ಬೀಳುತ್ತದೆ. ಎರಡನೆಯದು, ದಿನವೂ ನೆಲದ ಮೇಲ್ಭಾಗವನ್ನಷ್ಟೇ ನೆನೆಸಬಾರದು. ಹಾಗೆ ಮಾಡಿದರೆ ಬೇರು ಮೇಲೆಯೇ ಉಳಿಯುತ್ತದೆ. ವಾರಕ್ಕೆ ಒಂದೆರಡು ಸಲ, ಬೆಳಗಿನ ಹೊತ್ತು, ನೀರು ಆಳಕ್ಕಿಳಿಯುವಂತೆ ಹಾಯಿಸಿದರೆ ಬೇರು ಅದನ್ನು ಅರಸುತ್ತ ಕೆಳಗಿಳಿಯುತ್ತದೆ.

ಆದರೆ ಆ ನೀರು ಎಲ್ಲಿಯದು? 2024ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ನೀರಿನ ಅಭಾವ ತಲೆದೋರಿದಾಗ, ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ಜಲಮಂಡಳಿ ನಿಷೇಧಿಸಿತು. ಮೀರಿದವರಿಗೆ 5,000 ರೂಪಾಯಿ ದಂಡ ಗೊತ್ತುಪಡಿಸಿತು. ನೆರೆಮನೆಯ ಕೊಡ ಬರಿದಾಗಿರುವಾಗ ತನ್ನ ಅಂಗಳ ಹಸಿರಾಗಿರಲಿ ಎಂದು ಬಯಸುವುದು ಸೊಬಗಲ್ಲ. ಅಕ್ಕಿ, ತರಕಾರಿ ತೊಳೆದ ನೀರು ಹುಲ್ಲಿಗೆ ಸಲ್ಲಬಹುದು. ಅದೂ ಸಾಲದಿದ್ದರೆ ಹುಲ್ಲು ಕೆಲವು ಕಾಲ ಕಂದು ಬಣ್ಣಕ್ಕೆ ತಿರುಗಲಿ. ಆಳಕ್ಕಿಳಿದ ಬೇರು ಮಳೆಯವರೆಗೆ ಕಾಯಬಲ್ಲದು. ಮನೆಯವರಿಗೂ ಆ ತಾಳ್ಮೆ ಇರಬೇಕು.