ಅಧ್ಯಾಯ 4: ಪಾತ್ರ ಇಕ್ಕಟ್ಟಿಗೆ ಸಿಕ್ಕಾಗ

ಕತೆ ಬರೆಯಲು ಕೂತವರು ಮೊದಲು ಹುಡುಕುವುದು ಜಗಳವನ್ನು. ನಾಯಕನಿಗೊಬ್ಬ ಖಳ, ಸೊಸೆಗೊಬ್ಬಳು ಅತ್ತೆ, ಬಡವನಿಗೊಬ್ಬ ಸಾಹುಕಾರ ಸಿಕ್ಕರೆ ಸಂಘರ್ಷ ತಯಾರಾಯಿತು ಅಂದುಕೊಳ್ಳುತ್ತಾರೆ. ಆದರೆ ಯಾರು ಸರಿ, ಯಾರು ತಪ್ಪು ಎಂದು ಮೊದಲ ಪುಟದಲ್ಲೇ ತೀರ್ಮಾನವಾದರೆ ಓದುಗ ಕಾಯುವುದು ಯಾವುದಕ್ಕೆ? ಅವನನ್ನು ಕಾಯಿಸುವುದು ಇಕ್ಕಟ್ಟು: ಪಾತ್ರಕ್ಕೆ ಎರಡೂ ಬೇಕು, ಆದರೆ ಒಂದನ್ನು ಬಿಡಲೇಬೇಕು. ಈ ಇಕ್ಕಟ್ಟಿನಲ್ಲಿ ಮನುಷ್ಯ ಏನನ್ನು ಬಿಡುತ್ತಾನೆ ಎಂಬುದರಿಂದ ಅವನ ಗುಣ ಗೊತ್ತಾಗುತ್ತದೆ.

ಓಬವ್ವನ ಗಳಿಗೆ

ಚಿತ್ರದುರ್ಗದ ಮಕ್ಕಳಿಗೂ ಗೊತ್ತಿರುವ ಐತಿಹ್ಯವನ್ನೇ ನೋಡಿ. ಕೋಟೆಯ ಕಾವಲುಗಾರ ಊಟಕ್ಕೆ ಕೂತಿದ್ದಾನೆ. ನೀರು ತರಲು ಹೋದ ಹೆಂಡತಿ ಓಬವ್ವನಿಗೆ ಕೋಟೆಗೋಡೆಯ ಕಿಂಡಿಯ ಬಳಿ ಹೈದರಾಲಿಯ ಸೈನಿಕರ ಸದ್ದು ಕೇಳುತ್ತದೆ. ಓಡಿಹೋಗಿ ಕರೆದರೆ ಗಂಡ ಉಣ್ಣುವ ಅನ್ನ ಬಿಟ್ಟೇಳಬೇಕು. ಅಷ್ಟರಲ್ಲಿ ಶತ್ರು ಒಳನುಗ್ಗಿಯಾನು. ಕರೆಯದಿದ್ದರೆ ತಾನೊಬ್ಬಳೇ. ಅವಳು ಒನಕೆ ಎತ್ತಿಕೊಳ್ಳುತ್ತಾಳೆ. ಒನಕೆ ಬೀಸಿದ್ದು ಸಾಹಸ, ನಿಜ. ಕತೆ ಹುಟ್ಟಿದ್ದು ಮಾತ್ರ ಅದಕ್ಕೂ ಮುಂಚೆ, ಕರೆಯಲೋ ಬೇಡವೋ ಎಂದು ಅವಳು ನಿಂತ ಗಳಿಗೆಯಲ್ಲಿ. ಹೊಸಬರು ಆ ಗಳಿಗೆಯನ್ನು ಒಂದೇ ಸಾಲಿನಲ್ಲಿ ದಾಟಿ ಹೊಡೆದಾಟಕ್ಕೆ ಮೂರು ಪುಟ ಕೊಡುತ್ತಾರೆ. ಅಳತೆ ತಿರುಗುಮುರುಗಾಗಬೇಕು.

ಪ್ರೀತಿಸುವವನೇ ಅಡ್ಡ ಬಂದರೆ

ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ತೆಗೆದ ‘ನಾಗರಹಾವು’ ಚಿತ್ರ ಇದೇ ಕೋಟೆಯ ಸುತ್ತ ನಡೆಯುತ್ತದೆ. ಅಲ್ಲಿ ಜಲೀಲನಂಥ ಪುಂಡನಿದ್ದಾನೆ. ಅವನೊಡನೆ ಗುದ್ದಾಡುವುದು ನಾಯಕ ರಾಮಾಚಾರಿಗೆ ಸಲೀಸು. ಕಷ್ಟ ಕೊಡುವವರು ಚಾಮಯ್ಯ ಮೇಷ್ಟ್ರು. ಊರೆಲ್ಲ ದೂರುವ ಹುಡುಗನನ್ನು ನಂಬಿದ ಒಬ್ಬರೇ ಅವರು. ಅವನು ಪ್ರೀತಿಸಿದ ಅಲಮೇಲುವನ್ನು ಬಿಟ್ಟುಬಿಡು ಎನ್ನುವವರೂ ಅವರೇ. ಖಳನ ಮಾತು ಮೀರಿದರೆ ಯಾವ ನಷ್ಟವೂ ಇಲ್ಲ. ಮೇಷ್ಟ್ರ ಮಾತು ಮೀರಿದರೆ ಗುರು ಹೋದರು, ಮೀರದಿದ್ದರೆ ಹುಡುಗಿ ಹೋದಳು. ಎದುರಾಳಿ ಎಷ್ಟು ಒಳ್ಳೆಯವನೋ ಇಕ್ಕಟ್ಟು ಅಷ್ಟು ಬಿಗಿ.

ಅಂತ್ಯವನ್ನು ಮುಚ್ಚಿಟ್ಟರೆ ಮಾತ್ರ ಕುತೂಹಲ ಎಂಬ ನಂಬಿಕೆಯೂ ಬೇಡ. 1779ರಲ್ಲಿ ಚಿತ್ರದುರ್ಗದ ಕೋಟೆ ಹೈದರಾಲಿಯ ಪಾಲಾಯಿತೆಂದು ತ.ರಾ.ಸು. ಅವರದೇ ಕಾದಂಬರಿ ‘ದುರ್ಗಾಸ್ತಮಾನ’ ಕೈಗೆತ್ತಿಕೊಳ್ಳುವ ಓದುಗನಿಗೆ ಗೊತ್ತು. ಹೆಸರೇ ಅದನ್ನು ಸಾರುತ್ತದೆ. ಆದರೂ ಓದಿಸಿಕೊಳ್ಳುತ್ತದೆ. ಏನಾಯಿತು ಎಂಬುದು ತಿಳಿದ ಮೇಲೆ, ಕೋಟೆಯ ದೊರೆ ಮದಕರಿನಾಯಕ ಒಂದೊಂದು ಹೆಜ್ಜೆಯನ್ನೂ ಯಾಕೆ ಹಾಗೆ ಇಟ್ಟ ಎಂಬುದೇ ಕುತೂಹಲವಾಗುತ್ತದೆ.

ನೀವೇ ಕಟ್ಟಿ ನೋಡಿ

ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿ ಕಡೆಯ ಒಂದು ಅಡಿಕೆ ತೋಟ ಅಂದುಕೊಳ್ಳಿ. ಬೇಸಿಗೆ, ಬೋರು ಬತ್ತಿದೆ. ಮನೆಯಲ್ಲಿರುವ ದುಡ್ಡು ತಂಗಿಯ ನರ್ಸಿಂಗ್ ಫೀಸಿಗೆ ಎತ್ತಿಟ್ಟದ್ದು. ಅದರಲ್ಲಿ ಇನ್ನೊಂದು ಬೋರು ಕೊರೆಸೋಣ ಅಂತ ಅಣ್ಣ. ಮುಟ್ಟಬಾರದು ಅಂತ ತಮ್ಮ.

“ಅಪ್ಪ ಇಟ್ಟ ಗಿಡ ಕಣೋ, ಒಣಗಿ ಹೋಗ್ತಾವೆ.”

“ಅವಳೂ ಅಪ್ಪನ ಮಗಳೇ ಅಲ್ವೇನಣ್ಣ?”

ಇಲ್ಲಿ ಅಣ್ಣನನ್ನು ಕುಡುಕನನ್ನಾಗಿಯೋ ತಮ್ಮನನ್ನು ಸೋಮಾರಿಯನ್ನಾಗಿಯೋ ಮಾಡಿದರೆ ಕತೆ ಸತ್ತಿತು. ಇಬ್ಬರ ಮಾತಿನಲ್ಲೂ ನ್ಯಾಯವಿರಲಿ. ಅಣ್ಣ ರಾತ್ರಿ ಟ್ಯಾಂಕರ್ ನೀರು ಬಿಡಿಸಿಕೊಂಡು ಬುಡಬುಡಕ್ಕೂ ಹಾಯಿಸುವುದನ್ನು ತೋರಿಸಿ. ‘ಅವನಿಗೆ ತೋಟದ ಮೇಲೆ ಪ್ರಾಣ’ ಎಂದು ಬೇರೆ ಹೇಳಬೇಕಾಗಿಲ್ಲ. ಕೊನೆಗೆ ಭಾರಿ ಮಳೆ ಸುರಿಸಿ ಇಬ್ಬರನ್ನೂ ಪಾರುಮಾಡಬೇಡಿ. ಮಳೆ ಬಂದರೆ ತೀರ್ಮಾನ ಮಾಡಿದ್ದು ಮೋಡ, ಪಾತ್ರಗಳಲ್ಲ.

ಈಗ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿರುವ ತಂಗಿಯನ್ನು ನೋಡಿ. “ನಂಗೆ ಓದೋದು ಬೇಡ” ಎಂದು ಅವಳ ಬಾಯಲ್ಲಿ ಹೇಳಿಸಿದರೆ ಜಗಳ ಸುಲಭವಾಗಿ ಮುಗಿಯುತ್ತದೆ, ಅವಳು ಮಾತ್ರ ದುಡ್ಡಿನ ಗಂಟಾಗಿಯೇ ಉಳಿಯುತ್ತಾಳೆ. ಅವಳಿಗೆ ನಿಜಕ್ಕೂ ಏನು ಬೇಕು, ಅದಕ್ಕಾಗಿ ಯಾವ ಅಣ್ಣನ ಮುನಿಸು ತಡೆದುಕೊಂಡಾಳು? ಮೊದಲು ಅದನ್ನು ಬರೆದುಕೊಳ್ಳಿ. ಕತೆಯನ್ನು ಅಲ್ಲಿಂದ ಶುರುಮಾಡಿ.