ಬಕಿಂಗ್‌ಹ್ಯಾಮ್ ಕಾಲುವೆ: ಅಂದು ದೋಣಿಯ ದಾರಿ, ಇಂದು ರೈಲಿನ ನೆರಳು

ಚೆನ್ನೈನಲ್ಲಿರುವ ನಮ್ಮ ಕೇಳುಗರಿಗೆ ಈ ಸಲದ ವಿಷಯ ಕಣ್ಣೆದುರಿನದೇ. ಚೇಪಾಕ್‌ನಿಂದ ಮೈಲಾಪುರದ ಕಡೆಗೆ ಎಂ.ಆರ್.ಟಿ.ಎಸ್. ರೈಲಿನಲ್ಲಿ ಹೋಗುವಾಗ ಕೆಳಗೆ ಕಪ್ಪು ನೀರು ಕಾಣುತ್ತದಲ್ಲ, ಅದನ್ನು ಚರಂಡಿ ಎಂದೇ ಹಲವರು ತಿಳಿದಿದ್ದಾರೆ. ಅದು ಬಕಿಂಗ್‌ಹ್ಯಾಮ್ ಕಾಲುವೆ. ಒಂದು ಕಾಲಕ್ಕೆ ಮದ್ರಾಸಿನ ಒಲೆ ಉರಿದದ್ದು ಈ ಕಾಲುವೆಯಲ್ಲಿ ಬಂದ ಸೌದೆಯಿಂದ.

1806ರಲ್ಲಿ ಬ್ಯಾಸಿಲ್ ಕಾಕ್ರೇನ್ ಎಂಬ ಬ್ರಿಟಿಷ್ ವ್ಯಾಪಾರಿ ಮದ್ರಾಸಿನಿಂದ ಎಣ್ಣೂರಿನವರೆಗೆ ಕಾಲುವೆ ತೋಡಿಸಲು ಶುರು ಮಾಡಿದ. 1837ರಲ್ಲಿ ಅದು ಸರ್ಕಾರದ ಕೈಗೆ ಬಂತು. ಮುಂದೆ ಉತ್ತರಕ್ಕೂ ದಕ್ಷಿಣಕ್ಕೂ ಬೆಳೆಯುತ್ತಾ ಹೋಗಿ, ಆಂಧ್ರದ ಪೆದ್ದಗಂಜಾಂನಿಂದ ತಮಿಳುನಾಡಿನ ಮರಕ್ಕಾಣದವರೆಗೆ ಸುಮಾರು 420 ಕಿಲೋಮೀಟರ್ ಆಯಿತು. ಕಡಲ ದಂಡೆಗೆ ಸಮನಾಗಿ ಹರಿಯುವ ಈ ನೀರಿನಲ್ಲಿ ಅಲೆಗಳ ಭಯವಿಲ್ಲ. ಉಪ್ಪು, ಅಕ್ಕಿ, ಸೌದೆ ಹೊತ್ತ ದೋಣಿಗಳು ಗಾಳಿ ಇದ್ದರೆ ಹಾಯಿ ಬಿಚ್ಚುತ್ತಿದ್ದವು. ಗಾಳಿ ಇಲ್ಲದಿದ್ದರೆ ಆಳುಗಳು ದಡದ ಮೇಲೆ ನಡೆಯುತ್ತಾ ಹಗ್ಗ ಹಿಡಿದು ಎಳೆಯುತ್ತಿದ್ದರು. ಸಮುದ್ರದ ಉಬ್ಬರವಿಳಿತಕ್ಕೆ ನೀರಿನ ಮಟ್ಟ ಏರುಪೇರಾಗದಂತೆ ಅಲ್ಲಲ್ಲಿ ಬಾಗಿಲುಗಳಿದ್ದವು.

ನಗರದೊಳಗಿನ ಭಾಗದ ಕಥೆ ಮಾತ್ರ ನೋವಿನದು. 1876ರಿಂದ 78ರವರೆಗೆ ದಕ್ಷಿಣ ಭಾರತವನ್ನು ಭೀಕರ ಬರ ಕಾಡಿತು. ನಮ್ಮ ಹಿರಿಯರು ಧಾತು ಸಂವತ್ಸರದ ಬರ ಎನ್ನುತ್ತಿದ್ದರಲ್ಲ, ಅದೇ. ತಮಿಳರಿಗೂ ಅದು 'ತಾತು ವರುಷ ಪಂಜಮ್'. ಮೈಸೂರು ಸೀಮೆಯೂ, ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಬಳ್ಳಾರಿಯೂ ತತ್ತರಿಸಿದವು. ಆಗ ಬರಪರಿಹಾರದ ಕೂಲಿ ಕೆಲಸವಾಗಿ ಕೂವಂ ಮತ್ತು ಅಡ್ಯಾರ್ ನದಿಗಳ ನಡುವೆ ಸುಮಾರು 8 ಕಿಲೋಮೀಟರ್ ಕಾಲುವೆ ತೋಡಲಾಯಿತು. 1877ರ ಆರಂಭದಲ್ಲಿ ಪರಿಹಾರ ಕೆಲಸದ ಗಂಡಾಳಿಗೆ ಸರ್ಕಾರ ಗೊತ್ತುಮಾಡಿದ ದಿನಗೂಲಿ ಒಂದು ಪೌಂಡ್ ಧಾನ್ಯ, ಅಂದರೆ ಅರ್ಧ ಕಿಲೋಗೂ ಕಡಿಮೆ, ಜೊತೆಗೆ ಒಂದಾಣೆ. ಇದು ಸಾಲದೆಂದು ವೈದ್ಯರೇ ಆಕ್ಷೇಪಿಸಿದ ಮೇಲೆ ಕೆಲವು ತಿಂಗಳಲ್ಲಿ ಕೂಲಿ ಹೆಚ್ಚಿಸಬೇಕಾಯಿತು. ಹಸಿದವರು ತೋಡಿದ ಕಾಲುವೆಗೆ ಹೆಸರು ಸಿಕ್ಕಿದ್ದು ಆಗಿನ ಗವರ್ನರ್ ಡ್ಯೂಕ್ ಆಫ್ ಬಕಿಂಗ್‌ಹ್ಯಾಮ್‌ನದು.

ಆಮೇಲೆ ರೈಲು ಬಂತು, ಲಾರಿ ಬಂತು. ದೋಣಿಗಳ ಕೆಲಸ ಕಡಿಮೆಯಾಗುತ್ತಾ ಬಂತು. 1960 ಮತ್ತು 70ರ ದಶಕದ ಚಂಡಮಾರುತಗಳು ಕಾಲುವೆಯನ್ನು ಕೆಡಿಸಿದವು. ದೋಣಿ ನಿಂತ ಮೇಲೆ ಹೂಳು ತೆಗೆಯುವ ಆಸಕ್ತಿಯೂ ಹೋಯಿತು, ಊರಿನ ಕೊಳಚೆ ಒಳಗೆ ಬಂತು. ಎಂ.ಆರ್.ಟಿ.ಎಸ್. ರೈಲು 1997ರಲ್ಲಿ ಮೈಲಾಪುರದವರೆಗೂ, 2007ರಲ್ಲಿ ವೇಳಚ್ಚೇರಿಗೂ ತಲುಪಿತು. ಅದರ ಕಂಬಗಳು ಕಾಲುವೆಯೊಳಗೇ ನಿಂತು ನೀರಿನ ಜಾಗವನ್ನು ಕಿರಿದಾಗಿಸಿದವು. 2008ರಲ್ಲಿ ಈ ಕಾಲುವೆಯನ್ನೂ ಸೇರಿಸಿ ರಾಷ್ಟ್ರೀಯ ಜಲಮಾರ್ಗ 4 ಎಂದು ಘೋಷಿಸಲಾಯಿತು. ಆದರೆ ನಗರದೊಳಗೆ ಸರಕಿನ ದೋಣಿಗಳು ಮರಳಲಿಲ್ಲ.

ಹಾಗಾದರೆ ಕಾಲುವೆಯ ಕೆಲಸ ಮುಗಿಯಿತೇ? ಇಲ್ಲ. 2004ರ ಡಿಸೆಂಬರ್ 26ರಂದು ಸುನಾಮಿ ನುಗ್ಗಿದಾಗ, ಪೆದ್ದಗಂಜಾಂನಿಂದ ಚೆನ್ನೈವರೆಗಿನ ಕರಾವಳಿಯಲ್ಲಿ ಈ ಕಾಲುವೆ ಅಲೆಯ ನೀರನ್ನು ಹಿಡಿದುಕೊಂಡು ಮತ್ತೆ ಕಡಲಿಗೆ ಬಿಟ್ಟಿತು. ಅದು ಎಷ್ಟೋ ಜೀವಗಳನ್ನು ಉಳಿಸಿತೆಂದು ವಿಜ್ಞಾನಿಗಳು ಬರೆದಿದ್ದಾರೆ. ಇಂದಿಗೂ ಪಳ್ಳಿಕರಣೈ ಜೌಗಿನ ಮಳೆನೀರು ಒಕ್ಕಿಯಂ ಮಡುವಿನ ಮೂಲಕ ಇದೇ ಕಾಲುವೆ ಸೇರಿ, ಕೋವಳಂ ಬಳಿ ಸಮುದ್ರಕ್ಕೆ ಹೋಗಬೇಕು. ಹಳೇ ಮಹಾಬಲಿಪುರಂ ರಸ್ತೆಯ ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿಯುವ ನಮ್ಮ ಕನ್ನಡದ ಹುಡುಗ ಹುಡುಗಿಯರು ಮಳೆಗಾಲದಲ್ಲಿ ಮನೆ ಸೇರುವುದು ಈ ಕಾಲುವೆಯ ಮೇಲೂ ನಿಂತಿದೆ. 2015ರ ಪ್ರವಾಹ ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಮುಂಬೈ ಕೇಳುಗರಿಗೆ 2005ರ ಜುಲೈ 26ರಂದು ಮೀಠಿ ನದಿ ಕಲಿಸಿದ್ದೂ ಇದೇ ಪಾಠ.

ದೋಣಿ ಹೋದರೂ ನೀರಿನ ದಾರಿ ಹೋಗಿಲ್ಲ. ಅದನ್ನು ಚರಂಡಿ ಎಂದು ಕರೆದಷ್ಟೂ ಕಸ ಸುರಿಯುವುದು ಸಲೀಸು. ಕಾಲುವೆ ಎಂದು ಕರೆಯುವುದರಿಂದಲೇ ಶುರು ಮಾಡೋಣ, ಏನಂತೀರಿ?