ಗೂಢಚಾರನಿಗೆ ಅಪಾಯವೇ ಇಲ್ಲದಿದ್ದರೆ

ನಮ್ಮ ಕಲಬುರಗಿಯ ನೆಹರು ಗಂಜಿನಲ್ಲಿ ತೊಗರಿ ಕೊಳ್ಳುವವನು ಚೀಲದ ಬಾಯಲ್ಲಿರುವ ಕಾಳನ್ನಷ್ಟೇ ನೋಡಿ ದರ ಹೇಳುವುದಿಲ್ಲ. ಒಳಗಿನ ಕಾಳನ್ನೂ ಅಂಗೈಗೆ ಸುರಿದುಕೊಂಡು, ಉಜ್ಜಿ ನೋಡಿ, ಆಮೇಲೆ ಮಾತಾಡುತ್ತಾನೆ. ಜನಪ್ರಿಯ ಚಲನಚಿತ್ರಗಳ ವಿಷಯದಲ್ಲಿ ಮಾತ್ರ ನಾವು ಈ ವಿವೇಕವನ್ನು ಮರೆಯುತ್ತೇವೆ. ಮೆಚ್ಚಿದವರಿಗೆ ಅವುಗಳಲ್ಲಿ ದೋಷವೇ ಕಾಣದು. ಸಾಹಿತ್ಯಾಸಕ್ತರಲ್ಲಿ ಅನೇಕರು ಅವುಗಳನ್ನು ನೋಡುವ ಗೊಡವೆಗೇ ಹೋಗರು. ಕನ್ನಡದ ಗೂಢಚಾರ ಚಿತ್ರಮಾಲೆಯಾದ ಸಿ.ಐ.ಡಿ. 999ಕ್ಕೆ ಒದಗಿದ್ದೂ ಇದೇ ಗತಿ. ಆ ಮಾಲೆಯ ನಾಲ್ಕನೆಯದೂ ಕೊನೆಯದೂ ಆದ ‘ಆಪರೇಷನ್ ಡೈಮಂಡ್ ರಾಕೆಟ್’ ಚಿತ್ರವನ್ನು ಮುಂದಿಟ್ಟುಕೊಂಡು ಗುಣದೋಷಗಳೆರಡನ್ನೂ ತೂಗಿ ನೋಡೋಣ.

ಇಯಾನ್ ಫ್ಲೆಮಿಂಗರ ಲೇಖನಿಯಿಂದ 1953ರಲ್ಲಿ ಹುಟ್ಟಿದ ಜೇಮ್ಸ್ ಬಾಂಡ್ 1962ರ ‘ಡಾಕ್ಟರ್ ನೋ’ ಮೂಲಕ ಬೆಳ್ಳಿತೆರೆಗೆ ಬಂದನು. ಅವನ ಗಾಳಿ ನಮ್ಮ ದೇಶಕ್ಕೂ ಬೀಸಿ, 1966ರಲ್ಲಿ ತೆಲುಗಿನ ‘ಗೂಢಚಾರಿ 116’, ಮರುವರ್ಷ ಹಿಂದಿಯ ‘ಫರ್ಜ್’ ತೆರೆಕಂಡವು. ಕನ್ನಡದಲ್ಲಿ ದೊರೈ–ಭಗವಾನ್ ಜೋಡಿ 1968ರಲ್ಲಿ ‘ಜೇಡರ ಬಲೆ’ಯನ್ನು ನಿರ್ದೇಶಿಸಿತು. ಅದೇ ವರ್ಷ ‘ಗೋವಾದಲ್ಲಿ ಸಿ.ಐ.ಡಿ. 999’, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’ ಬಂದವು. ಈ ಮೂರೂ ಕಪ್ಪುಬಿಳುಪಿನವು. ಒಂಬತ್ತು ವರ್ಷಗಳ ಮೌನದ ಬಳಿಕ, 1978ರಲ್ಲಿ, ವರ್ಣಗಳ ವೈಭವದೊಡನೆ, ನೇಪಾಳದ ಹಿನ್ನೆಲೆಯಲ್ಲಿ, ನಾಲ್ಕನೆಯ ಚಿತ್ರ ತೆರೆಗೆ ಬಂತು. ನಾಲ್ಕರಲ್ಲಿಯೂ ನಾಯಕರು ರಾಜ್‌ಕುಮಾರ್.

ಈ ಮಾಲೆಯ ಮೊದಲ ಗುಣವೆಂದರೆ ಅದು ಕನ್ನಡ ನಾಯಕನನ್ನು ವರ್ತಮಾನಕ್ಕೆ ಕರೆತಂದ ರೀತಿ. 1965ರಲ್ಲಿ ಸತ್ಯ ಹರಿಶ್ಚಂದ್ರನಾಗಿ, 1967ರಲ್ಲಿ ಇಮ್ಮಡಿ ಪುಲಿಕೇಶಿಯಾಗಿ ಕಾಣಿಸಿಕೊಂಡ ನಟನೇ ಮರುವರ್ಷ ಸೂಟು ತೊಟ್ಟು, ಪಿಸ್ತೂಲು ಹಿಡಿದು ನಿಂತರು. ಕಿರೀಟ ಇಳಿಯಿತು, ಆದರೆ ಗಾಂಭೀರ್ಯ ಉಳಿಯಿತು. ಪುರಾಣ, ಇತಿಹಾಸ, ಹಳ್ಳಿಯ ಸಂಸಾರ ಇವುಗಳಲ್ಲಿ ನುರಿತಿದ್ದ ತೆರೆಯ ಕನ್ನಡ, ಪತ್ತೆ ಇಲಾಖೆಯ ಕಚೇರಿಯಲ್ಲಿಯೂ ಹೋಟೆಲಿನ ಕೊಠಡಿಯಲ್ಲಿಯೂ ಸಲೀಸಾಗಿ ನಡೆದಾಡಿತು. ನಮ್ಮ ಭಾಗದವರಿಗೆ ಇದರ ಅರ್ಥ ಇನ್ನಷ್ಟು ಆಳವಾದದ್ದು. ನಿಜಾಮರ ಆಳ್ವಿಕೆಯಲ್ಲಿ ಇಲ್ಲಿ ಕಚೇರಿಯ ನುಡಿ ಉರ್ದು. ಕಲಬುರಗಿ ಮೈಸೂರು ರಾಜ್ಯದೊಳಗೆ ಸೇರಿದ್ದು 1956ರಲ್ಲಿ. ಅದಾಗಿ ಹನ್ನೆರಡು ವರ್ಷಕ್ಕೆ ಸರ್ಕಾರದ ಗುಪ್ತ ಅಧಿಕಾರಿಯೊಬ್ಬ ಕನ್ನಡದಲ್ಲಿಯೇ ಆಲೋಚಿಸಿ, ಕನ್ನಡದಲ್ಲಿಯೇ ವೈರಿಯನ್ನು ಎದುರಿಸುವುದನ್ನು ತೆರೆಯ ಮೇಲೆ ಕಾಣುವುದು ಸಣ್ಣ ಸಂಗತಿಯಲ್ಲ.

ಎರಡನೆಯ ಗುಣ, ಕಾಲದ ಆತಂಕವನ್ನು ಹಿಡಿದದ್ದು. ‘ಜೇಡರ ಬಲೆ’ಯ ಕಥೆ ಲೋಹವನ್ನು ಚಿನ್ನವಾಗಿಸುವ ಸೂತ್ರದ ಸುತ್ತ ಸುತ್ತುತ್ತದೆ. ಅದು ತೆರೆಕಂಡ 1968ರಲ್ಲಿಯೇ ಚಿನ್ನ ನಿಯಂತ್ರಣ ಕಾಯಿದೆ ಬಂದಿತೆಂಬುದನ್ನು ನೆನೆದರೆ ಈ ಕಲ್ಪನೆಯ ಬೇರು ತಿಳಿಯುತ್ತದೆ. ಕಳ್ಳಸಾಗಣೆ ತಡೆಗೆಂದು ಕೇಂದ್ರ ಸರ್ಕಾರ 1974ರಲ್ಲಿ ಕಾಫಿಪೋಸಾ ಕಾಯಿದೆಯನ್ನು ತಂದಿತು. ನಾಲ್ಕು ವರ್ಷಗಳ ಮೇಲೆ ಬಂದ ವಜ್ರದ ಕಳ್ಳಸಾಗಣೆಯ ಕಥೆ ಪ್ರೇಕ್ಷಕರಿಗೆ ಅಪರಿಚಿತವಾಗಿರಲಿಲ್ಲ.

ಮೂರನೆಯದು ಸಂಗೀತ. ಮೊದಲ ಮೂರು ಚಿತ್ರಗಳ ಕಾಲಕ್ಕೆ ರಾಜ್‌ಕುಮಾರರ ಹಾಡಿನ ದನಿ ಪಿ. ಬಿ. ಶ್ರೀನಿವಾಸ್. 1974ರ ‘ಸಂಪತ್ತಿಗೆ ಸವಾಲ್’ ಬಳಿಕ ರಾಜ್‌ಕುಮಾರ್ ಸ್ವತಃ ಹಾಡತೊಡಗಿದ್ದರಿಂದ, ಜಿ. ಕೆ. ವೆಂಕಟೇಶ್ ಸಂಗೀತದ ಈ ಚಿತ್ರದಲ್ಲಿ ಮಾತು ಹಾಡುಗಳೆರಡೂ ಒಂದೇ ಕಂಠದಿಂದ ಹೊಮ್ಮಿದವು. ಅವರು ಇದರಲ್ಲಿ ಹಾಡಿದ ಇಂಗ್ಲಿಷ್ ಗೀತೆ ಇಂದಿಗೂ ಜನಪ್ರಿಯ. 1982ರ ಗೋಕಾಕ್ ಚಳವಳಿಯ ಮುಂಚೂಣಿಯಲ್ಲಿ ನಿಂತವರೂ ಇವರೇ. ಇದರಲ್ಲಿ ವಿರೋಧವನ್ನು ಕಾಣಬೇಕಿಲ್ಲ. ತನ್ನ ನುಡಿಯಲ್ಲಿ ಗಟ್ಟಿಯಾಗಿ ನಿಂತವನು ಪರನುಡಿಯೊಡನೆ ಆಟವಾಡಬಲ್ಲ.

ಇನ್ನು ಕೊರತೆಯ ಮಾತು. ಸಾಹಸ ದೃಶ್ಯಗಳಲ್ಲಿ ಹಣದ ಬಡತನ ಕಾಣುತ್ತದೆಂಬ ಆಕ್ಷೇಪವುಂಟು. ನನಗೆ ಅದು ದೊಡ್ಡ ದೋಷವೆನಿಸುವುದಿಲ್ಲ. ನಿಜವಾದ ಕೊರತೆಯಿರುವುದು ನಾಯಕನ ಮನಸ್ಸಿನಲ್ಲಿ. ಗೂಢಚಾರ ಕಥೆಯ ಜೀವಾಳವೇ ಸಂಶಯ. ಯಾರು ನಮ್ಮವರು, ಯಾರು ಹೊರಗಿನವರು? ಒಳ್ಳೆಯ ಗುರಿಗಾಗಿ ಸುಳ್ಳಾಡುವವನು ಎಷ್ಟು ಕಾಲ ಒಳ್ಳೆಯವನಾಗಿ ಉಳಿದಾನು? ಜಾನ್ ಲೆ ಕ್ಯಾರೆಯ ‘ದಿ ಸ್ಪೈ ಹೂ ಕೇಮ್ ಇನ್ ಫ್ರಮ್ ದ ಕೋಲ್ಡ್’ ಕಾದಂಬರಿ 1963ರಲ್ಲಿಯೇ ಈ ಪ್ರಶ್ನೆಯನ್ನೆತ್ತಿತ್ತು. ಅಲ್ಲಿ ಗೂಢಚಾರನನ್ನು ಸ್ವಂತ ಕಚೇರಿಯೇ ವಂಚಿಸುತ್ತದೆ. ಮೋಜಿನ ಬಾಂಡ್ ಸಹ 1969ರ ಚಿತ್ರವೊಂದರ ಕೊನೆಯಲ್ಲಿ ಮಡದಿಯನ್ನು ಕಳೆದುಕೊಳ್ಳುತ್ತಾನೆ. ನಮ್ಮ 999ಕ್ಕೆ ಇಂಥದ್ದೊಂದೂ ತಟ್ಟುವುದಿಲ್ಲ. ಅವನು ವೇಷ ಬದಲಿಸಿದರೂ ಅವನ ಶೀಲದ ಬಗ್ಗೆ ಪ್ರೇಕ್ಷಕನಿಗೆ ಅರೆಕ್ಷಣವೂ ಶಂಕೆ ಹುಟ್ಟದು. ಹರಿಶ್ಚಂದ್ರನನ್ನು ನೋಡಿದ ಕಣ್ಣಿಗೆ ಸಿ.ಐ.ಡಿ.ಯ ಸುಳ್ಳೂ ಸತ್ಯವಾಗಿಯೇ ತೋರುತ್ತದೆ. ಮನೆಮಂದಿಯೆಲ್ಲ ಕೂಡಿ ನೋಡುವಂತೆ ಚಿತ್ರವನ್ನು ಶುಚಿಯಾಗಿರಿಸಿದ ಗುಣವೇ ಕಥೆಯಿಂದ ಅಪಾಯವನ್ನು ಕಸಿದುಕೊಂಡಿತು.

ಇದು ಸಾಮರ್ಥ್ಯದ ಅಭಾವವಲ್ಲವೆಂಬುದೇ ವಿಷಾದದ ಸಂಗತಿ. ಕೊಡುಗೈಯಿಂದಲೇ ಸರ್ವಸ್ವವನ್ನೂ ಕಳೆದುಕೊಳ್ಳುವ ಮನುಷ್ಯನನ್ನು 1971ರ ‘ಕಸ್ತೂರಿ ನಿವಾಸ’ದಲ್ಲಿ ಚಿತ್ರಿಸಿದವರು ಇದೇ ದೊರೈ–ಭಗವಾನ್, ಇದೇ ರಾಜ್‌ಕುಮಾರ್. ವಾಣಿಯವರ ‘ಎರಡು ಕನಸು’, ಭಾರತೀಸುತರ ‘ಬಯಲು ದಾರಿ’ ಕಾದಂಬರಿಗಳನ್ನು ತೆರೆಗೆ ತಂದಾಗ ಈ ನಿರ್ದೇಶಕರು ಮನಸ್ಸಿನ ತೊಳಲಾಟವನ್ನು ಬಲ್ಲವರೆಂದು ತೋರಿಸಿದರು. ಆ ಅರಿವನ್ನು ಅವರು ಗೂಢಚಾರನ ಕೋಣೆಯೊಳಗೆ ಒಯ್ಯಲಿಲ್ಲ; ಸಂಸಾರದ ಕಥೆಗೆ ಒಂದು ಅಳತೆ, ಸಾಹಸದ ಕಥೆಗೆ ಇನ್ನೊಂದು ಅಳತೆ ಎಂದುಕೊಂಡರು.

ಈ ಎರಡಳತೆಯ ಹೊಣೆ ನಿರ್ದೇಶಕರದು ಮಾತ್ರವಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಹಾಸಿಗೆಯ ಕೆಳಗೆ ಬಚ್ಚಿಟ್ಟು ಓದಿ, ಸಭೆಯಲ್ಲಿ ಅವನ ಹೆಸರೆತ್ತಲು ನಾಚಿದ ಓದುಗರ ಪಾಲೂ ಇದರಲ್ಲಿದೆ. ವಿಮರ್ಶೆ ತನ್ನ ಪಂಕ್ತಿಯಿಂದ ಎಬ್ಬಿಸಿ ಕಳುಹಿಸಿದ ಪ್ರಕಾರಕ್ಕೆ ಉತ್ತಮಗೊಳ್ಳುವ ಒತ್ತಾಯವಾದರೂ ಎಲ್ಲಿಂದ ಬರಬೇಕು? ಭಗವಾನ್ ಅವರು 2023ರಲ್ಲಿ ಕಣ್ಮರೆಯಾದರು; ಮಾಲೆ ನಾಲ್ಕಕ್ಕೇ ನಿಂತಿದೆ. ಕನ್ನಡದಲ್ಲಿ ಮತ್ತೊಬ್ಬ ಗೂಢಚಾರ ಹುಟ್ಟುವುದಾದರೆ ಅವನಿಗೆ ಹೆಚ್ಚಿನ ಪಿಸ್ತೂಲುಗಳು ಬೇಕಿಲ್ಲ. ಕಳೆದುಕೊಳ್ಳಲು ಅವನಲ್ಲಿ ಏನಾದರೊಂದು ಇರಬೇಕು, ಅಷ್ಟೆ.